ಬಿಳಿ ತೆನೆಯ ಹಳದಿ ಕಾಳು

ಗೋವಿನ ಜೋಳದ ತೆನೆ ಕೈಗೆ ಬಂದರೆ ತಿನ್ನುವ ಮೊದಲು ಅದರ ಸಾಲು ಎಣಿಸುವ ಚಟ ನನಗಿದೆ. ಹನ್ನೆರಡು, ಹದಿನಾಲ್ಕು, ಒಮ್ಮೊಮ್ಮೆ ಹದಿನಾರು. ಹದಿಮೂರು ಸಿಕ್ಕಿಲ್ಲ, ಹದಿನೈದೂ ಸಿಕ್ಕಿಲ್ಲ. ಕಾಳಿನ ಸಾಲುಗಳು ಯಾವಾಗಲೂ ಸರಿಸಂಖ್ಯೆಯಲ್ಲೇ ಇರುತ್ತವೆ ಎಂದು ಓದಿದ ದಿನದಿಂದ, ಆ ಮಾತನ್ನು ಸುಳ್ಳು ಮಾಡುವ ಒಂದು ತೆನೆಗಾಗಿ ಹುಡುಕುತ್ತಿದ್ದೇನೆ. ಮಳೆಗಾಲದ ಭಾನುವಾರ ಪುಣೆಯ ಅರ್ಧ ಜನ ಖಡಕವಾಸಲಾ ಅಣೆಕಟ್ಟಿನ ದಂಡೆಯ ಮೇಲೆ ನಿಂತು, ನೀರು ನೋಡುತ್ತ ಸುಟ್ಟ ತೆನೆ ತಿನ್ನುತ್ತಾರೆ. ನಾನು ನೀರಿಗೆ ಬೆನ್ನು ಮಾಡಿ ಎಣಿಸುತ್ತಿರುತ್ತೇನೆ. ಒಮ್ಮೆ ತೆನೆ ಸುಡುವ ಹೆಂಗಸು, "ಕಾಯ್ ಸಾಹೇಬ, ಕಮೀ ದಿಲಂ ಕಾ?" ಎಂದು ಕೇಳಿದಳು. ತಾನು ಕಡಿಮೆ ಕೊಟ್ಟೆನೆಂದು ನನಗೆ ಅನುಮಾನ ಬಂದಿದೆ ಎಂದು ಅವಳು ತಿಳಿದಿದ್ದಳು. ಇವರ ಕಡೆ ಲಕ್ಷ್ಯ ಕೊಡಬೇಡ ಎಂದು ನನ್ನ ಹೆಂಡತಿ ಸುಮಿತ್ರಾ ಅವಳಿಗೆ ಮರಾಠಿಯಲ್ಲಿ ಸಮಾಧಾನ ಹೇಳಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರು ಮಾತ್ರ ಇಷ್ಟು ಶಾಂತವಾಗಿ ಹೀಗೆ ಹೇಳಬಲ್ಲರು.

ಎಣಿಸುವುದು ನನ್ನ ತಪ್ಪಲ್ಲ, ಕಸುಬಿನ ತಪ್ಪು. ಮಾರ್ಕೆಟ್ ಯಾರ್ಡಿನ ಒಂದು ಧಾನ್ಯದ ಪೇಢಿಯಲ್ಲಿ, ಅಂದರೆ ಸಗಟು ಅಂಗಡಿಯಲ್ಲಿ, ನನ್ನ ಆಯುಷ್ಯ ಕಳೆಯಿತು. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ, ಇದು ಬಾರ್ಶಿಯದು, ಇದು ವಿಜಾಪುರದ್ದು, ಇದಕ್ಕೆ ಮಳೆ ತಾಗಿದೆ, ಇದನ್ನು ಹಳೆಯ ಮಾಲಿನ ಜೊತೆ ಕಲಸಿದ್ದಾರೆ ಎಂದು ಹೇಳುವುದು ನನ್ನ ಕೆಲಸ. ಕಾಳು ನೋಡಿ ಊರು ಹೇಳುತ್ತಿದ್ದೆ. ಆದರೆ ಗಿಡ ತೋರಿಸಿ ಇದು ಯಾವ ಕಾಳಿನದು ಎಂದು ಕೇಳಿದ್ದರೆ ಬಾಯಿ ಬಾಯಿ ಬಿಡಬೇಕಾಗುತ್ತಿತ್ತು. ಬೈಲಹೊಂಗಲದ ಹತ್ತಿರದ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಎಂದು ಪೇಢಿಯಲ್ಲಿ ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ. ಹನ್ನೊಂದನೇ ವಯಸ್ಸಿಗೇ ಬೆಳಗಾವಿಯ ಹಾಸ್ಟೆಲ್ಲಿಗೆ ಹೋದವನು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾವು ಪುಣೆಯ ಅಂಚಿನ ವಾಕಡದಲ್ಲಿ ಒಂದು ಸಣ್ಣ ಸಾಲುಮನೆ ಕೊಂಡೆವು. ಆಗ ವಾಕಡ ಎಂದರೆ ಆಟೋದವರು ಬರುವುದಿಲ್ಲ ಎನ್ನುತ್ತಿದ್ದರು. ಸುತ್ತ ಕಬ್ಬು, ಎಮ್ಮೆ, ರಾಡಿ. ಮನೆಯ ಹಿಂದೆ ಹನ್ನೆರಡಡಿಗೆ ಇಪ್ಪತ್ತಡಿ ಮಣ್ಣು. ಆಚೆ ಮನೆಯವರ ಅಷ್ಟೇ ಮಣ್ಣಿಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ, ನಾಲ್ಕಂಗುಲ ದಪ್ಪದ ಗೋಡೆ. ಗೃಹಪ್ರವೇಶಕ್ಕೆ ಬಂದ ನನ್ನ ಅಕ್ಕ ಗಂಗಕ್ಕ ಮನೆಯೆಲ್ಲ ಬಿಟ್ಟು ಮೊದಲು ಆ ಮಣ್ಣನ್ನು ನೋಡಿದಳು. ಒಂದು ಹೆಂಟೆ ಎತ್ತಿ ಹಿಸುಕಿದಳು. ಚೀಲದಿಂದ ಸಿಪ್ಪೆಯ ಸಮೇತ ಜಡೆ ಹೆಣೆದಿದ್ದ ನಾಲ್ಕು ತೆನೆ ತೆಗೆದು ಸುಮಿತ್ರೆಯ ಕೈಗಿಟ್ಟಳು.

"ನಮ್ಮ ಬೆಳೀ ಗೊಂಜಾಳ ಅವ. ನಮ್ಮವ್ವ ಹಾಕ್ತಿದ್ದಳಲ್ಲಾ, ಅದ. ಈಗ ಊರಾಗ ಎಲ್ಲಾರೂ ಕಂಪನಿ ಬೀಜಕ್ಕ ಹೋಗ್ಯಾರ. ನನ್ನ ಹಿತ್ತಲದಾಗ ಅಷ್ಟ ಉಳದದ."

ಗೊಂಜಾಳ ಎಂದರೆ ನಮ್ಮ ಕಡೆಯ ಬಾಯಲ್ಲಿ ಗೋವಿನ ಜೋಳ. ಈ ಬೆಳೆಗೆ ಕನ್ನಡದಲ್ಲಿ ಇರುವಷ್ಟು ಹೆಸರು ಬೇರೆ ಯಾವ ಕಾಳಿಗೂ ಇದ್ದಂತಿಲ್ಲ. ಮೈಸೂರಿನ ಕಡೆಯವರು ಮುಸುಕಿನ ಜೋಳ ಎನ್ನುತ್ತಾರೆ. ತೆನೆ ಮುಸುಕು ಹಾಕಿಕೊಂಡಿರುತ್ತದಲ್ಲ. ಇನ್ನು ಕೆಲವರಿಗೆ ಅದು ಮೆಕ್ಕೆಜೋಳ. ಗೋವಿಗೂ ಇದಕ್ಕೂ ಏನು ಸಂಬಂಧ ಎಂದು ನಾನು ತಲೆ ಕೆಡಿಸಿಕೊಂಡಿದ್ದೇನೆ. ದನಕ್ಕೆ ಹಾಕುತ್ತಿದ್ದರು, ಅದಕ್ಕೆ ಎನ್ನುವವರಿದ್ದಾರೆ. ಗೋವೆಯ ಬಂದರಿನಿಂದ ಬಂದದ್ದಕ್ಕೆ ಎನ್ನುವವರೂ ಇದ್ದಾರೆ. ಮೂಲ ಊರು ಅಮೆರಿಕ, ನಮ್ಮಲ್ಲಿಗೆ ಬಂದು ನಾಲ್ಕೈದು ನೂರು ವರ್ಷ ಎಂಬುದು ಬಲ್ಲವರ ಮಾತು. ಹಾಗಾದರೆ ಹೊಯ್ಸಳರ ಗುಡಿಯ ಗೋಡೆಯ ಮೇಲೆ ಕಲ್ಲಿನ ಸುಂದರಿಯರು ಕೈಯಲ್ಲಿ ಹಿಡಿದದ್ದು ಏನು ಎಂದು ಕೇಳುವ ಬಲ್ಲವರೂ ಇದ್ದಾರೆ. ಅದು ತೆನೆಯೇ ಎಂದು ಒಂದು ಪಂಗಡ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಎಂದು ಇನ್ನೊಂದು ಪಂಗಡ. ನಾನು ಒಮ್ಮೆ ಸೋಮನಾಥಪುರಕ್ಕೆ ಹೋದಾಗ ಕತ್ತು ಮೇಲೆ ಮಾಡಿ ಸಾಲು ಎಣಿಸಲು ನೋಡಿದೆ. ಕತ್ತು ಹಿಡಿದುಕೊಂಡಿತು, ಸಾಲು ಎಣಿಕೆಗೆ ಸಿಗಲಿಲ್ಲ.

ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ದೂರದಿಂದ ಬಂದ ಈ ಕಾಳನ್ನು ನಮ್ಮವ್ವ ಜವಾರಿ ಎನ್ನುತ್ತಿದ್ದಳು. ಜವಾರಿ ಎಂದರೆ ನಮ್ಮ ನೆಲದ್ದು, ನಮ್ಮದೇ. ಎಷ್ಟು ತಲೆಮಾರು ಒಂದು ಮಣ್ಣಿನಲ್ಲಿ ಬಿದ್ದು ಎದ್ದರೆ ಪರದೇಶಿ ಜವಾರಿಯಾಗುತ್ತಾನೆ? ಮೂವತ್ತು ವರ್ಷ ಪುಣೆಯ ನೀರು ಕುಡಿದ ಮೇಲೂ ನಾನು ಬಾಯಿ ತೆರೆದರೆ ಬಸ್ ಕಂಡಕ್ಟರು "ಬೆಳಗಾವಚೇ ಕಾ?" ಎಂದು ಊರು ಹೇಳಿಬಿಡುತ್ತಾನೆ. ನಾನು ಕಾಳಿಗೆ ಮಾಡಿದ್ದನ್ನೇ ಅವನು ನನಗೆ ಮಾಡುತ್ತಾನೆ, ದೂರುವಂತಿಲ್ಲ.

ಮೊದಲ ವರ್ಷ ಕಾಳುಗಳನ್ನು ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ಊರಿದೆ. ಚೀಲಗಳನ್ನು ಸಾಲಾಗಿ ನಿಲ್ಲಿಸಿ ರೂಢಿಯಾದವನಿಗೆ ಬೇರೆ ಏನು ತೋಚೀತು? ಗಿಡಗಳು ನನಗಿಂತ ಎತ್ತರ ಬೆಳೆದವು. ತೆನೆ ಸುಲಿದರೆ ಹಲ್ಲು ಬಿದ್ದ ಅಜ್ಜನ ಬಾಯಿ. ಇಲ್ಲಿ ನಾಲ್ಕು ಕಾಳು, ಅಲ್ಲಿ ಆರು, ನಡುವೆ ಬಯಲು. ಸಾಲು ಎಣಿಸುವ ಪ್ರಶ್ನೆಯೇ ಬರಲಿಲ್ಲ. ಯಾಕೆ ಹೀಗಾಯಿತು ಎಂಬ ಕುತೂಹಲಕ್ಕೆ ಉತ್ತರ ಸಿಕ್ಕಿದ್ದು ರದ್ದಿ ಅಂಗಡಿಯಲ್ಲಿ ಕೊಂಡ, ಮೊದಲ ಪುಟಗಳು ಹರಿದುಹೋದ ಒಂದು ಮರಾಠಿ ಕೃಷಿ ಪುಸ್ತಿಕೆಯಲ್ಲಿ. ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು ಇರುತ್ತದಲ್ಲ, ಸುಲಿಯುವಾಗ ಬೈದುಕೊಂಡು ಕಿತ್ತು ಎಸೆಯುತ್ತೇವಲ್ಲ, ಅದರ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ನೆತ್ತಿಯ ಗೊಂಚಲಿನಿಂದ ಉದುರಿದ ಹುಡಿ ಗಾಳಿಯಲ್ಲಿ ಬಂದು ಆ ಎಳೆಗೆ ತಾಗಬೇಕು. ಎಷ್ಟು ಎಳೆಗೆ ತಾಗಿತೋ ಅಷ್ಟೇ ಕಾಳು. ಒಂದೇ ಸಾಲಿನಲ್ಲಿದ್ದರೆ ಗಾಳಿ ಹುಡಿಯನ್ನೆಲ್ಲ ಪಕ್ಕಕ್ಕೆ ಒಯ್ದುಬಿಡುತ್ತದೆ. ಗುಂಪಾಗಿ ಹಾಕಬೇಕು, ಒಂದರ ಮೈ ಮೇಲೆ ಒಂದು ಬೀಳುವಂತೆ.

ಇದನ್ನು ಓದಿದ ದಿನ ನನಗೆ ನಿಜವಾಗಿ ಸಂತೋಷವಾಯಿತು. ಐವತ್ತರ ಹತ್ತಿರ ಬಂದ ಮನುಷ್ಯನಿಗೆ, ಸಾವಿರಾರು ಚೀಲ ಕಾಳು ನೋಡಿದವನಿಗೆ, ಪ್ರತಿ ಕಾಳಿಗೂ ಹೊರಜಗತ್ತಿಗೆ ಒಂದು ದಾರ ಇರುತ್ತದೆ ಎಂದು ಆಗ ಗೊತ್ತಾಯಿತು. ಊಟಕ್ಕೆ ಕೂತಾಗ ಸುಮಿತ್ರೆಗೆ ಹೇಳಿದೆ. "ಮತ್ತ ಇಷ್ಟ ದಿನಾ ಏನ್ ತಿಳದಿದ್ರಿ?" ಎಂದಳು. ಏನೂ ತಿಳಿದಿರಲಿಲ್ಲ.

ಮರುವರ್ಷದಿಂದ ಚೌಕವಾಗಿ ಹಾಕಿದೆವು. ತೆನೆ ತುಂಬಿ ಬಂದವು, ಅಚ್ಚ ಬಿಳಿ. ಎಳೆಯದನ್ನು ಕುದಿಸಿ ತಿಂದೆವು, ಬಲಿತದ್ದನ್ನು ಒಡೆಸಿ ನುಚ್ಚು ಮಾಡಿ ಮಜ್ಜಿಗೆ ಸುರಿದು ಉಂಡೆವು. ಹಾಗೆ ಉಣ್ಣುವಾಗ ನನಗೆ ಅವ್ವನ ನೆನಪಾಗುತ್ತಿತ್ತು, ಹೇಳಲು ನಾಚಿಕೆಯೇನಿಲ್ಲ. ಆಚೆ ಮನೆಯ ಸಾವಂತ ಕಾಕಾ ಅವರಿಗೂ ಗೋಡೆಯ ಮೇಲಿಂದ ಕುದಿಸಿದ ತೆನೆ ಕೊಡುತ್ತಿದ್ದೆವು. ಕಾಕಾ ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಂಡಿದ್ದು ನಿವೃತ್ತರಾದವರು. ಗುಲಾಬಿ ಗಿಡಕ್ಕೂ ಸಮಯಕ್ಕೆ ಸರಿಯಾಗಿ ಹೂ ಬಿಡಬೇಕೆಂದು ತಾಕೀತು ಮಾಡುವ ಮನುಷ್ಯ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಬರೆಯಬೇಕು. ಒಂದು ವರ್ಷ ಕಾಕಾ ತೆನೆ ತಿಂದು ಬಾಯಿ ಒರೆಸಿಕೊಂಡು, "ಥೋಡಂ ಬೀ ದ್ಯಾಲ ಕಾ?" ಎಂದು ಕೇಳಿದರು. ಸ್ವಲ್ಪ ಬೀಜ ಕೊಡುತ್ತೀರಾ, ಅಷ್ಟೇ. ನಮಗೇ ಸಾಲುವುದಿಲ್ಲ ಎಂದೆ. ಆಗ ಬೀಜಕ್ಕೆಂದು ಎತ್ತಿಟ್ಟ ಬಿಸ್ಕಿಟ್ ಡಬ್ಬಿಯಲ್ಲಿ ಆರು ತೆನೆ ಇದ್ದವು. ಯಾಕೆ ಸುಳ್ಳು ಹೇಳಿದೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಇಡೀ ವಾಕಡದಲ್ಲಿ ಬಿಳಿ ತೆನೆ ನನ್ನ ಹಿತ್ತಲಲ್ಲಿ ಮಾತ್ರ ಇರಲಿ ಎಂಬ ದೊಡ್ಡಸ್ತಿಕೆ, ಇನ್ನೇನಲ್ಲ. ಕಾಕಾ "ಬರಂ, ಬರಂ," ಆಗಲಿ ಆಗಲಿ, ಎಂದು ಒಳಗೆ ಹೋದರು. ಸುಮಿತ್ರಾ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

ಅದಾದ ಮುಂದಿನ ಬೇಸಿಗೆಯಲ್ಲಿ ಗಂಗಕ್ಕನ ಫೋನು ಬಂತು. ಅವಳು ಫೋನು ಮಾಡಿದರೆ ಊರ ಕೊನೆಯಿಂದ ಕೂಗುವ ಹಾಗೆ ಮಾತಾಡುತ್ತಾಳೆ. ಆ ದಿನ ದನಿ ಸಣ್ಣಗಿತ್ತು.

"ತಮ್ಮಾ, ನನ್ನ ಗೊಂಜಾಳ ಹೋತೋ. ಒಂದ ಕಾಳೂ ಉಳೀಲಿಲ್ಲ. ನುಸಿ ತಿಂದು ಹಿಟ್ಟ ಮಾಡ್ಯಾವ."

ಆದದ್ದು ಇಷ್ಟು. ಬೀಜದ ತೆನೆಗಳನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಗಳಕ್ಕೆ ತೂಗುಹಾಕುವುದು ನಮ್ಮ ಮನೆಯ ಪದ್ಧತಿ. ಹೊಗೆ ಹಿಡಿದು ಕಪ್ಪಾದ ಸಿಪ್ಪೆಯೊಳಗೆ ಹುಳ ಹೋಗುವುದಿಲ್ಲ. ಆ ವರ್ಷ ಗಂಗಕ್ಕನ ಮನೆಗೆ ಗ್ಯಾಸ್ ಬಂತು. ಒಲೆ ಕಿತ್ತು ಕಟ್ಟೆ ಕಟ್ಟಿದರು, ಗೋಡೆಗೆ ಸುಣ್ಣ ಬಳಿದರು, ಎಲ್ಲರಿಗೂ ಸಂತೋಷವಾಯಿತು. ತೆನೆಗಳು ಮಾತ್ರ ಅದೇ ಗಳದಲ್ಲಿ, ಅದೇ ಜಾಗದಲ್ಲಿ, ಹೊಗೆಯಿಲ್ಲದೆ ತೂಗುತ್ತಿದ್ದವು. ಯಾರಿಗೂ ಹೊಳೆಯಲಿಲ್ಲ.

"ನಿನ್ನ ಕಡೆ ಅದ ಅಲ್ಲಾ?" ಎಂದು ಗಂಗಕ್ಕ ಕೇಳಿದಳು. "ಈ ಮಳಿಗಾಲ ಛಲೋ ಬೆಳಸು. ದಸರಾ ಆದಮ್ಯಾಲ ಬಂದು ಒಯ್ತೀನಿ. ಎಲ್ಲೀನೂ ಇಲ್ಲೋ, ನಾ ಕೇಳೇನಿ."

ಅದ ಅಕ್ಕ, ಅದ ಎಂದೆ. ಫೋನು ಇಟ್ಟು ಡಬ್ಬಿ ತೆರೆದೆ. ಆರು ತೆನೆಗಳಲ್ಲಿ ಐದನ್ನು ಚಳಿಗಾಲದಲ್ಲಿ ನುಚ್ಚು ಮಾಡಿ ಉಂಡಿದ್ದೆವು. ಉಳಿದದ್ದು ಒಂದು. ನಮ್ಮವ್ವನ ಕಾಳು ಈ ಭೂಮಿಯ ಮೇಲೆ ಇದ್ದರೆ, ನನಗೆ ತಿಳಿದ ಮಟ್ಟಿಗೆ, ಆ ಬಿಸ್ಕಿಟ್ ಡಬ್ಬಿಯಲ್ಲಿತ್ತು.

ಸುಮಿತ್ರಾ ತನ್ನ ಅಬ್ಬಲಿಗೆ ಹೂವಿನ ಮಡಿಯನ್ನೂ ಜೋಳಕ್ಕೆ ಬಿಟ್ಟುಕೊಟ್ಟಳು. ಮೊದಲ ಮಳೆ ಬಿದ್ದ ವಾರ ಊರಲು ಸಿದ್ಧನಾಗಿ ಹಿತ್ತಲಿಗೆ ಹೋದರೆ, ಗೋಡೆಯಾಚೆ ಕಾಕಾ ಆಗಲೇ ಬಿತ್ತನೆಗೆ ಮಣ್ಣು ಸಮ ಮಾಡಿ ನೀರು ಹಾಕುತ್ತಿದ್ದರು. ಮಡಿಯ ತುದಿಗೆ ನೆಟ್ಟ ಕಡ್ಡಿಗೆ ಬಣ್ಣದ ಪೊಟ್ಟಣ ಸಿಕ್ಕಿಸಿದ್ದರು. ಅಮೆರಿಕನ್ ಸ್ವೀಟ್ ಕಾರ್ನ್. ಆ ವರ್ಷಗಳಲ್ಲಿ ಪುಣೆಯ ಸಿನೆಮಾ ಮಂದಿರಗಳಲ್ಲಿ, ಮಾಲುಗಳಲ್ಲಿ ಅದನ್ನು ಬಟ್ಟಲಿಗೆ ಹಾಕಿ ಬೆಣ್ಣೆ ಹಚ್ಚಿ ಮಾರುವ ಹುಚ್ಚು ಆಗಷ್ಟೇ ಶುರುವಾಗಿತ್ತು. ನಾನು ಕೊಡದಿದ್ದ ಮೇಲೆ ಕಾಕಾ ಅಂಗಡಿಗೆ ಹೋಗಿದ್ದರು. ಯಾರಾದರೂ ಹೋಗುತ್ತಾರೆ.

ಪುಸ್ತಿಕೆಯಲ್ಲಿ ಬರೆದಿತ್ತು: ಬೇರೆ ಜಾತಿಯ ಜೋಳ ಕನಿಷ್ಠ ಇನ್ನೂರು ಮೀಟರು ದೂರವಿರಬೇಕು. ಇಲ್ಲದಿದ್ದರೆ ಅದರ ಹುಡಿ ಬಂದು ಕಲೆಯುತ್ತದೆ. ನಮ್ಮ ನಡುವೆ ನಾಲ್ಕಂಗುಲ ಇತ್ತು. ನಾನು ಮುಖ ಗಟ್ಟಿ ಮಾಡಿಕೊಂಡು ಕಾಕಾ ಅವರ ಬಾಗಿಲಿಗೆ ಹೋಗಿ ವಿಷಯ ವಿವರಿಸಿದೆ. ನಿಮ್ಮ ಜೋಳವನ್ನು ಮುಂದಿನ ತಿಂಗಳಿಗೆ ಹಾಕಬಹುದೇ ಎಂದು ಕೇಳಿದೆ. ಅವರು ಸಾವಕಾಶ ಚಹಾ ಮುಗಿಸಿ, "ವಾರಾ ಕಾಯ್ ಮಾಝಾ ಆಹೇ ಕಾ?" ಎಂದರು. ಗಾಳಿ ಏನು ನನ್ನದೇ? ಬೀಜ ಕೇಳಿ ಇಲ್ಲ ಅನ್ನಿಸಿಕೊಂಡ ಮನುಷ್ಯನಿಗೆ ಇದಕ್ಕಿಂತ ಮರ್ಯಾದೆಯ ಉತ್ತರ ಸಾಧ್ಯವಿರಲಿಲ್ಲ.

ಸರಿ, ನಾನೇ ಎರಡು ವಾರ ತಡವಾಗಿ ಊರಿದೆ. ಅವರದು ಹೂ ಮುಗಿಸಿದ ಮೇಲೆ ನನ್ನದು ಹೂ ಬಿಡಲಿ ಎಂಬ ಲೆಕ್ಕ. ಆದರೆ ಜವಾರಿಗೆ ಅವಸರ ಜಾಸ್ತಿ, ಕಾಕಾ ಅವರ ಅಮೆರಿಕದ ಅತಿಥಿಗೆ ಮೋಡದ ದಿನಗಳು ಒಗ್ಗದೆ ಹಿಂದೆ ಬಿತ್ತು. ಎರಡೂ ಒಂದೇ ವಾರದಲ್ಲಿ ನೆತ್ತಿಗೊಂಚಲು ಬಿಟ್ಟವು. ಸುಮಿತ್ರಾ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಚೀಲ ಅಂಟಿಸಿ ತೆನೆಗಳಿಗೆ ಟೊಪ್ಪಿಗೆ ಹಾಕಿದಳು. ಮರುದಿನದ ಮಳೆಗೆ ಎಲ್ಲವೂ ಮುದ್ದೆಯಾದವು. ಪ್ಲಾಸ್ಟಿಕ್ ಚೀಲ ಹಾಕಿದರೆ ಒಳಗೆ ಬೂಷ್ಟು. ಕೊನೆಗೆ ನಾನೇ ಬೆಳಿಗ್ಗೆ ಪೇಢಿಗೆ ಹೋಗುವ ಮೊದಲು ಇಸ್ತ್ರಿ ಅಂಗಿಯಲ್ಲೇ ನಿಂತು, ಒಂದು ಗಿಡದ ಹುಡಿಯನ್ನು ಇನ್ನೊಂದರ ಕೂದಲ ಮೇಲೆ ಕೊಡವುತ್ತಿದ್ದೆ, ಆಚೆಯದು ಬರುವ ಮೊದಲೇ ಜಾಗ ತುಂಬಿಬಿಡಲಿ ಎಂದು. ಹೊಸದಾಗಿ ಎದ್ದಿದ್ದ ಅಪಾರ್ಟ್‌ಮೆಂಟಿನ ಗ್ಯಾಲರಿಗಳಿಂದ ಕಂಪ್ಯೂಟರಿನ ಹುಡುಗರು ಹಲ್ಲುಜ್ಜುತ್ತ ನೋಡುತ್ತಿದ್ದರು. ಇವನಿಗೆ ಏನೋ ಆಗಿದೆ ಎಂದು ಅವರು ತಿಳಿದಿದ್ದರೆ ಅದರಲ್ಲಿ ತಪ್ಪೇನಿಲ್ಲ.

ದಸರೆಯ ಹೊತ್ತಿಗೆ ತೆನೆ ಮುರಿದೆ. ಮೊದಲನೆಯದರ ಮುಸುಕು ತೆಗೆದೆ. ಬಿಳಿ ಕಾಳಿನ ನಡುವೆ ಅಲ್ಲೊಂದು ಇಲ್ಲೊಂದು ಮಾಸಲು ಹಳದಿ. ಗೋಡೆಯ ಪಕ್ಕದ ಗಿಡಗಳಲ್ಲಂತೂ ಅರ್ಧಕ್ಕರ್ಧ. ಅಕ್ಕನಿಗೆ ಏನು ಹೇಳಲಿ ಎಂದು ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವ್ವ ಸತ್ತ ಮೇಲೆ ಅವಳದೆಂದು ಉಳಿದ ಒಂದೇ ಜೀವಂತ ವಸ್ತುವನ್ನು ನಾನು ಕೆಡಿಸಿದ್ದೆ.

ಆ ದಿನ ಪುಸ್ತಿಕೆಯ ಆ ಪುಟವನ್ನು ಐದಾರು ಸಲ ಓದಿದೆ. ಮರಾಠಿಯ ಶಾಸ್ತ್ರೀಯ ಪದಗಳು ತಲೆಗೆ ಹತ್ತಲು ಅಷ್ಟು ಹೊತ್ತು ಬೇಕಾಯಿತು. ಹತ್ತಿದ ಮೇಲೆ ಎದ್ದು ನಿಂತೆ. ಹಳದಿ ಬಣ್ಣಕ್ಕೆ ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲವಂತೆ. ಬಿಳಿ ಗಿಡದ ಮೇಲೆ ಹಳದಿ ತಂದೆಯ ಹುಡಿ ಬಿದ್ದರೆ ಆ ಕಾಳು ಅದೇ ವರ್ಷ, ಅದೇ ತೆನೆಯಲ್ಲೇ, ಹಳದಿಯಾಗಿ ತನ್ನ ಗುಟ್ಟು ಹೇಳಿಬಿಡುತ್ತದೆ. ಅಂದ ಮೇಲೆ ಬಿಳಿಯಾಗಿ ಉಳಿದ ಕಾಳಿಗೆ ತಾಯಿಯೂ ನಮ್ಮದೇ, ತಂದೆಯೂ ನಮ್ಮದೇ. ಹಳದಿಯನ್ನು ಆರಿಸಿ ತೆಗೆದರೆ ಸಾಕು. ಕಾಳು ಆರಿಸುವುದು! ಜಗತ್ತಿನಲ್ಲಿ ನನಗೆ ಬರುವ ಒಂದೇ ಕೆಲಸ ಅದು.

ಮೂರು ದಿನ ನಾನೂ ಸುಮಿತ್ರೆಯೂ ಹಳೆಯ ಧೋತರ ಹಾಸಿಕೊಂಡು ಕೂತೆವು. ಆ ನಡುವೆ ಸಾವಂತ ಕಾಕಾ ಗೋಡೆಗೆ ಬಂದು ಒಂದು ಕುದಿಸಿದ ತೆನೆ ತೋರಿಸಿದರು. ಅವರ ಮೃದುವಾದ ಸಿಹಿ ಕಾಳುಗಳ ನಡುವೆ ನಮ್ಮ ಗಟ್ಟಿ ಕಾಳುಗಳು ಹುಟ್ಟಿ ಅವರ ಕಟ್ಟಿಸಿದ ಹಲ್ಲಿಗೆ ಸಿಕ್ಕಿದ್ದವು. "ಹೇ ತುಮಚಂ," ಇದು ನಿಮ್ಮದು, ಎಂದರು. ನಾನು ಒಂದು ಹಳದಿ ಕಾಳು ಎತ್ತಿ ತೋರಿಸಿ, ಇದು ನಿಮ್ಮದು ಎಂದೆ. ಇಬ್ಬರೂ ನಗಲಿಲ್ಲ.

ಗಂಗಕ್ಕ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಬಂದಿಳಿದಳು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು. ಕೈಕಾಲು ತೊಳೆದವಳೇ ಹಿತ್ತಲಲ್ಲಿ ಕಾಲು ಚಾಚಿ ಕೂತಳು. ನಾನು ಮೊರದಲ್ಲಿ ಬಿಳಿ ಕಾಳು ತಂದಿಟ್ಟೆ. ಕಸುಬಿನವನಲ್ಲವೇ, ದಪ್ಪ, ಮಧ್ಯಮ, ಸಣ್ಣ ಎಂದು ಮೂರು ಗುಡ್ಡೆ ಮಾಡಿದ್ದೆ. ಅವಳು ಕೈಯಾಡಿಸಿ ಮೂರನ್ನೂ ಒಂದು ಮಾಡಿದಳು.

"ಇದು ಮಾರೂದಲ್ಲೋ, ಇಡೂದು. ಎಲ್ಲಾನೂ ಇರಬೇಕು," ಎಂದಳು. ಒಂದು ಕಾಳನ್ನು ಹಲ್ಲಿನಿಂದ ಕಡಿದು ನೋಡಿದಳು. ಕಣ್ಣು ತುಂಬಿ ಬಂತು. "ಅದ. ಅವ್ವಂದ." ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆ ಮೂಲೆಯಲ್ಲಿದ್ದ ಹಳದಿಯ ಗುಡ್ಡೆ ಕಂಡಿತು. "ಅದ್ಯಾಕ ಹಂಗಾತು?"

ನಾನು ಗೋಡೆ ತೋರಿಸಿದೆ. ಆಚೆಯವರ ಜೋಳದ ಕಥೆಯನ್ನೆಲ್ಲ ಹೇಳಿದೆ, ಕಾಕಾ ತಡವಾಗಿ ಹಾಕಲು ಒಪ್ಪಲಿಲ್ಲ ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದೆ.

"ಅವರಿಗೆ ನೀ ಇದನ್ನ ಕೊಟ್ಟಿಲ್ಲೇನು?"

ನಾನು ಮೊರದ ಕಾಳಿನಲ್ಲಿ ಕಸ ಹುಡುಕತೊಡಗಿದೆ. ಉತ್ತರ ಕೊಟ್ಟವಳು ಸುಮಿತ್ರಾ. "ಕೇಳಿದ್ರರಿ ಅಕ್ಕಾರ. ಇವರು ಇಲ್ಲ ಅಂದ್ರು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಗಂಗಕ್ಕ ನನ್ನ ಕಡೆ ತಿರುಗಿದಳು.

"ಕಂಪನಿ ಬೀಜ ಬರೂಕಿಂತ ಮೊದಲ ನಾ ಕೇಳಿದವರಿಗೆಲ್ಲಾ ಯಾಕ ಕೊಡ್ತಿದ್ದೆ ಅಂತ ತಿಳದಿದ್ದಿ? ನಂದು ಭಾಳ ದೊಡ್ಡ ಮನಸ ಅಂತನಾ? ಸುತ್ತಲಿನ ಹಿತ್ತಲದಾಗೆಲ್ಲಾ ಬೆಳೇದ ಇದ್ರ ನಂದೂ ಬೆಳೇದ ಇರ್ತದ. ಅವರದು ಕೆಟ್ರ ನಂದೂ ಕೆಡ್ತದ. ಕೊಡೂದ ಬೇಲಿ ಅದಕ್ಕ. ನೀ ಬ್ಯಾರೆ ಯಾವ ಬೇಲಿ ಹಾಕಾಂವ ಇದ್ದಿ?"

ಪುಸ್ತಿಕೆ ಇನ್ನೂರು ಮೀಟರು ಎಂದಿತ್ತು. ಈ ಲೆಕ್ಕವನ್ನು ಅದು ಬರೆದಿರಲಿಲ್ಲ, ಅಥವಾ ಹರಿದ ಪುಟಗಳಲ್ಲಿ ಬರೆದಿತ್ತೋ ಏನೋ.

ಗಂಗಕ್ಕ ಮೊರದ ಕಾಳನ್ನು ಮೂರು ಪಾಲು ಮಾಡಿದಳು. ಒಂದು ಪಾಲಿಗೆ ಬೂದಿಯನ್ನೂ ಬೇವಿನ ಎಲೆಯನ್ನೂ ಕಲಸಿ ತನ್ನ ಗಂಟಿಗೆ ಕಟ್ಟಿದಳು; ಇನ್ನು ಮೇಲೆ ಹೊಗೆಯ ನಂಬಿಕೆಯಿಲ್ಲ ಎಂದಳು. ಒಂದನ್ನು ಸುಮಿತ್ರೆಯ ಮುಂದೆ ಸರಿಸಿದಳು. ಮೂರನೆಯದನ್ನು ಬೊಗಸೆಯಲ್ಲಿ ತುಂಬಿಕೊಂಡು ಎದ್ದಳು. ಮುನ್ನೂರೈವತ್ತು ಕಿಲೋಮೀಟರು ಬಸ್ಸಿನಲ್ಲಿ ಕೂತು ತೆಗೆದುಕೊಂಡು ಹೋಗಲು ಬಂದವಳು, ಇದ್ದದ್ದರಲ್ಲೇ ಮೂರನೇ ಒಂದು ಪಾಲು ಹಿಡಿದು ಗೋಡೆಯ ಹತ್ತಿರ ಹೋಗಿ, "ಏನ್ರಿ ಕಾಕಾ, ಇಲ್ಲಿ ಬರ್ರಿ," ಎಂದು ಕರೆದಳು.

ಕಾಕಾ ಬಂದರು. ಬೊಗಸೆಯನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. "ಹ್ಯಾಂನೀ ದಿಲಂ?" ಎಂದು ಗಂಗಕ್ಕನನ್ನು ಕೇಳಿದರು. ಇವರು ಕೊಟ್ಟರೇ?

"ಹೌದ್ರಿ," ಎಂದಳು ಗಂಗಕ್ಕ. "ಅವನ ಕೊಟ್ಟಾನ್ರಿ."

ಕಾಕಾ ಅಂಗಿಯ ಎರಡೂ ಜೇಬು ತುಂಬಿಸಿಕೊಂಡರು. ಅವರಿಗೆ ಎಲ್ಲವೂ ಸರಿಯಾಗಿ ಗೊತ್ತಾಗಬೇಕು. ಎಷ್ಟು ಆಳ, ಎಷ್ಟು ನೀರು, ಯಾವ ವಾರ ಎಂದು ಒಂದೊಂದಾಗಿ ನನ್ನನ್ನೇ ಕೇಳಿದರು. ನಾನು ಒಂದೊಂದಾಗಿ ಹೇಳಿದೆ. ಕೊನೆಗೆ, ಗೋಡೆಯಿಂದ ಎಷ್ಟು ದೂರ ಬಿಟ್ಟು ಊರಲಿ ಎಂದು ಕೇಳಿದರು.

ಆದಷ್ಟು ಹತ್ತಿರ ಹಾಕಿ ಎಂದೆ.